ಒಗ್ಗರಣೆ ಹಾಕದ ಸಾರು

ಕಾಡುಗೋಡಿ
3 ಮಾರ್ಚ್ 2025

ಅಣ್ಣಯ್ಯನಿಗೆ,

ಸೊಣ್ಣಮ್ಮ ಬರೆಯೋದು. ಕಾಗದದ ಮೊದಲಿಗೆ ಏನೇನು ಬರೆಯಬೇಕು ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು, ಅದೆಲ್ಲ ಮರೆತುಹೋಗಿದೆ. ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ಚೆನ್ನಾಗಿಲ್ಲ. ನೀನೂ ಅತ್ತಿಗೆಯೂ ಚೆನ್ನಾಗಿದ್ದೀರಿ ಅಂದುಕೊಂಡು ಮುಂದಕ್ಕೆ ಹೋಗುತ್ತೇನೆ.

ಕವರ್ ಕಂಡು ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಫೋನ್ ಮಾಡಿದರೆ ನಿನ್ನ ಕಿವಿಗೆ ಬೀಳಲ್ಲ. ನಲವತ್ತು ವರ್ಷ ಫ್ಯಾಕ್ಟರಿಯ ಪ್ರೆಸ್ ಶಾಪಿನಲ್ಲಿ ನಿಂತು ಅದನ್ನು ಕಳೆದುಕೊಂಡಿದ್ದೀಯ. ಮೊಮ್ಮಗಳು ಲಾವಣ್ಯ, "ನೀನ್ ಹೇಳ್ತಾ ಹೋಗಜ್ಜಿ, ನಾನು ಟೈಪ್ ಮಾಡಿ ಜಾಲಹಳ್ಳಿ ತಾತಂಗೆ ಕಳಿಸ್ತೀನಿ" ಅಂದಳು. ಅವಳ ಕೈಲಿ ಬರೆಸುವ ಮಾತಲ್ಲ ಇದು. ಪೋಸ್ಟಾಫೀಸಿಗೆ ಹೋಗಿ ಕವರ್ ಕೇಳಿದರೆ ಅಲ್ಲಿರುವ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

ವಿಷಯ ಏನೆಂದರೆ, ನಮ್ಮ ಹಿಂದಿನ ಸಾಲಿನ ಮೂರನೇ ರೂಮಿನಲ್ಲಿ ಯಾದಗಿರಿ ಕಡೆಯವರು ಬಾಡಿಗೆಗಿದ್ದಾರೆ. ಗಂಡ ಸಿದ್ರಾಮ, ಬಿಲ್ಡಿಂಗ್ ಕೆಲಸ. ಹೆಂಡತಿ ಮಹಾನಂದಾ. ನಾಲ್ಕು ವರ್ಷದ ಮಗಳು ಶಿವಗಂಗಾ. ಆ ಮಗುವಿಗೆ ಶುಕ್ರವಾರದಿಂದ ಅಮ್ಮ ಆಗಿದೆ. ದಡಾರ. ಮುಖ ಎದೆ ಎಲ್ಲ ಕೆಂಪಗಾಗಿದೆ. ನಾನೇ ಹೋಗಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಬಂದೆ. ಸಂಜೆ ನೋಡಿದರೆ ಅದೇ ರೂಮಿನಿಂದ ಸಾಸಿವೆ ಸಿಡಿಯುವ ಸದ್ದು.

"ಏನವ್ವಾ, ಮನೇಲಿ ಅಮ್ಮ ಇರೋವಾಗ ಒಗ್ಗರಣೆ ಹಾಕ್ಬಾರ್ದು ಅಂತ ನಿಮ್ ಕಡೆ ಹೇಳಲ್ವಾ?" ಅಂತ ಕೇಳಿದೆ.

"ನಮ್ಮೂರಾಗೂ ಹಂಗ ಅಂತಾರ್ರಿ ಆಯಿ. ಆದ್ರ ಇವರು ಮುಂಜಾನಿಂದ ಸಿಮೆಂಟಿನಾಗ ದುಡದು ಬರ್ತಾರ. ಸಪ್ಪನ ಸಾರು ಹ್ಯಾಂಗ ಹಾಕ್ಲಿ? ಏನೂ ಆಗಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ್ರಿ" ಅಂದಳು.

ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ನಮ್ಮ ತಮ್ಮ ಮುತ್ತಣ್ಣನಿಗೂ ನಾಲ್ಕೇ ವರ್ಷ, ಅವನನ್ನು ಅಮ್ಮನೇ ಕರೆದುಕೊಂಡು ಹೋದಳು, ಅದು ಒಗ್ಗರಣೆ ಹಾಕಿದ್ದಕ್ಕೇ ಅಂತ ಅವಳಿಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ. ನಿಮ್ಮ ಫ್ಯಾಕ್ಟರಿ ಡಿಸ್ಪೆನ್ಸರಿಯಲ್ಲಿ ಒಳ್ಳೆ ಡಾಕ್ಟರ್ ಇದ್ದಾರಲ್ಲ, ಕೇಳಿ ಬರಿ. ಒಗ್ಗರಣೆಯಿಂದ ಮಗುವಿನ ಜೀವಕ್ಕೆ ಅಪಾಯ ಇದೆಯೋ ಇಲ್ಲವೋ. ಇದ್ದರೆ ಅವಳ ಒಲೆ ಆರಿಸಿ ನಾನೇ ಅವಳ ಗಂಡನಿಗೆ ಅಡುಗೆ ಕಳಿಸುತ್ತೇನೆ. ನನ್ನ ಸಮಾಧಾನಕ್ಕೆ ಅಂತ ಏನೋ ಒಂದು ಬರೆಯಬೇಡ.

ನಿನ್ನ ತಂಗಿ
ಸೊಣ್ಣಮ್ಮ


ಜಾಲಹಳ್ಳಿ
9 ಮಾರ್ಚ್ 2025

ತಂಗಿ ಸೊಣ್ಣಮ್ಮನಿಗೆ,

ನಿನ್ನ ಮೂರನೇ ತಾರೀಖಿನ ಕಾಗದ ತಲುಪಿತು. ಡಿಸ್ಪೆನ್ಸರಿಯ ಡಾಕ್ಟರ್ ಮೇಡಂ ಅವರನ್ನು ವಿಚಾರಿಸಿದೆ. ನನಗೆ ಕೇಳಿಸುವುದಿಲ್ಲವೆಂದು ಅವರು ಚೀಟಿಯಲ್ಲಿ ಬರೆದುಕೊಟ್ಟರು. ಅದರಲ್ಲಿ ಇರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ದಡಾರ ಒಬ್ಬರಿಂದ ಒಬ್ಬರಿಗೆ ಹತ್ತುವ ಕಾಯಿಲೆ. ಕೆಮ್ಮು, ಸೀನಿನಿಂದ ಹರಡುತ್ತದೆ. ಒಗ್ಗರಣೆಗೂ ಇದಕ್ಕೂ ಸಂಬಂಧವಿಲ್ಲ. ಮಗುವಿಗೆ ನೀರು, ಗಂಜಿ ಚೆನ್ನಾಗಿ ಕೊಡಬೇಕು. ಎ ವಿಟಮಿನ್ ಹಾಕಿಸಬೇಕು. ಉಸಿರಾಟ ಜೋರಾದರೆ ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಬೇರೆ ಮಕ್ಕಳನ್ನು ಹತ್ತಿರ ಬಿಡಬಾರದು.

ಹಳೆಯದನ್ನೆಲ್ಲ ಈಗ ಯಾಕೆ ಕೆದಕುತ್ತೀಯ? ಆಗಿದ್ದು ಆಗಿಹೋಯಿತು. ನೆನೆಸಿಕೊಂಡು ಆರೋಗ್ಯ ಕೆಡಿಸಿಕೊಳ್ಳಬೇಡ. ಮಂಡಿಗೆ ಬಿಸಿನೀರಿನ ಶಾಖ ಕೊಡು.

ಇತಿ ನಿನ್ನ ಅಣ್ಣ
ಹನುಮಯ್ಯ


ಕಾಡುಗೋಡಿ
16 ಮಾರ್ಚ್ 2025

ಅಣ್ಣಯ್ಯ,

ನಿನ್ನ ಕಾಗದ ಬಂತು. ಫ್ಯಾಕ್ಟರಿ ನೋಟೀಸ್ ಬೋರ್ಡಿಗೆ ಅಂಟಿಸುವ ಹಾಗಿದೆ, ಆದರೂ ಸಂತೋಷವಾಯಿತು. ಶಿವಗಂಗಾ ಎದ್ದು ಓಡಾಡುತ್ತಿದ್ದಾಳೆ. ನಿನ್ನೆ ನಮ್ಮ ಕೋಳಿಗೆ ಕಲ್ಲು ಬೀರಿದಳು. ಬೈಯೋಣ ಅಂತ ಹೋದವಳು ಬೈಯದೆ ಬಂದೆ.

ಅವಳಮ್ಮ ಅಷ್ಟೂ ದಿನ ಎರಡು ಹೊತ್ತೂ ಒಗ್ಗರಣೆ ಹಾಕಿದಳು. ಮಗು ಮಲಗಿದ್ದ ರೂಮಿನಲ್ಲೇ ಗ್ಯಾಸ್ ಒಲೆ, ಇನ್ನೊಂದು ರೂಮು ಅವರಿಗೆ ಎಲ್ಲಿದೆ. ಸಾಸಿವೆ ಸಿಡಿದಾಗಲೆಲ್ಲ ನಾನು ಸೆರಗು ಬಿಗಿಹಿಡಿದು ಕೂತಿರುತ್ತಿದ್ದೆ. ಮಗು ಉಳಿಯಿತು. ಹಾಗಾದರೆ ನಮ್ಮ ಮುತ್ತ ಯಾಕೆ ಸತ್ತ?

ಹಳೆಯದನ್ನು ಯಾಕೆ ಕೆದಕುತ್ತೀಯ ಅಂತ ಕೇಳಿದ್ದೀಯ. ನಿನಗೆ ಅದು ಹಳೆಯದು. ನಿನಗೆ ಹಾಸ್ಟೆಲ್ ಸಿಕ್ಕಿತು, ಆಮೇಲೆ ಕ್ವಾರ್ಟರ್ಸ್ ಸಿಕ್ಕಿತು. ನಾನು ಇಲ್ಲೇ ಇದ್ದೆ. ನೀನು ಮರೆತಿದ್ದರೆ ಇರಲಿ ಅಂತ ಒಂದು ಸಲ ಬರೆದುಬಿಡುತ್ತೇನೆ.

ಎಪ್ಪತ್ತೊಂಬತ್ತನೇ ಇಸವಿ. ಯುಗಾದಿ ಕಳೆದು ಮೂರು ವಾರ ಆಗಿತ್ತು. ಮುತ್ತ ನಡುಮನೆಯಲ್ಲಿ ಬೇವಿನ ಸೊಪ್ಪಿನ ಮೇಲೆ ಮಲಗಿದ್ದ. ಆ ಭಾನುವಾರ ನೀನು ಹಾಸ್ಟೆಲಿನಿಂದ ಬಂದೆ. ಸೊರಗಿ ಕಡ್ಡಿಯಾಗಿದ್ದೆ. ಅವ್ವ ನೀರಿಗೆ ಹೋಗಿದ್ದಳು. "ಬಾಯೆಲ್ಲ ಸಪ್ಪೆ ಕಣೇ ಸೊಣ್ಣಿ, ಒಸಿ ಒಗ್ಗರಣೆ ಹಾಕಿ ಬಿಸಿ ಸಾರು ಕೊಡೇ" ಅಂತ ನೀನು ಕೇಳಿದೆ. "ಬ್ಯಾಡ ಅಣ್ಣಯ್ಯ, ಅಜ್ಜಿ ಸಾಯಿಸ್ತಾಳೆ" ಅಂತ ನಾನು ಹೇಳಿದೆ. "ಒಂದ್ ಚಮಚ ಎಣ್ಣೆ, ಯಾರ್ಗೂ ಗೊತ್ತಾಗಲ್ಲ" ಅಂತ ನೀನು. ಹದಿಮೂರು ವರ್ಷ ನನಗೆ. ನೀನು ಕೇಳಿದರೆ ಬಾವಿಗೆ ಬೇಕಾದರೂ ಇಳಿಯುತ್ತಿದ್ದೆ. ಸಾಸಿವೆ ಸಿಡಿದ ಸದ್ದಿಗೆ ಮುತ್ತ ಕಣ್ಣು ಬಿಟ್ಟ. ಅಜ್ಜಿ ಹಿತ್ತಲಿನಿಂದ ಓಡಿ ಬಂದಳು. ಯಾರಿಗೆ ಹಾಕ್ದೆ ಅಂತ ಕೇಳಿದಳು. "ನಂಗೇ ಆಸೆ ಆಯ್ತು" ಅಂತ ನಾನು ಹೇಳಿದೆ. ನೀನು ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ನೀನು ಏನೂ ಹೇಳಲಿಲ್ಲ.

ಮೂರನೇ ದಿನ ಮಗು ಹೋಯಿತು. ಅಳಬಾರದು ಅಂದರು. ಅಮ್ಮ ಒಲಿದು ಕರೆದುಕೊಂಡ ಮಗು, ಅತ್ತರೆ ಅವಳಿಗೆ ಕೋಪ ಬಂದು ಇನ್ನೊಂದು ಮನೆ ಹೊಗುತ್ತಾಳೆ ಅಂತ. ತಮಟೆ ಇಲ್ಲ, ಮೂರನೇ ದಿನದ ಹಾಲುತುಪ್ಪವೂ ಇಲ್ಲ. ಅಪ್ಪ ಒಬ್ಬನೇ ಎತ್ತಿಕೊಂಡು ಹೋಗಿ ಕೆರೆ ಏರಿಯ ಹೊಂಗೆ ಮರದ ಕೆಳಗೆ ಹೂತು ಬಂದ. ಅವ್ವ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ರಾಗಿ ಬೀಸಿದಳು. ಇಡೀ ದಿನ ಬೀಸಿದಳು. ಮನೆಯಲ್ಲಿ ಹಿಟ್ಟು ಬೇಕಾದಷ್ಟಿತ್ತು.

ಆಮೇಲೆ ಅಜ್ಜಿ ಊರವರ ಮುಂದೆ ನನ್ನ ಕೈ ಎತ್ತಿ ಹಿಡಿದು, "ಇದೇ ಕೈ ಕಣ್ರಪ್ಪಾ" ಅಂದಳು. ಪ್ರತಿ ಮಂಗಳವಾರ ಮಾರಮ್ಮನ ಗುಡಿ ಗುಡಿಸಿ ತಪ್ಪಾಯಿತು ಅಂತ ಕೇಳಿಕೊಳ್ಳಬೇಕು ಅಂತ ತೀರ್ಮಾನವಾಯಿತು. ಸ್ಕೂಲು ಬಿಡಿಸಿದರು. ಅವ್ವ ಒಂದು ದಿನವೂ ನನ್ನನ್ನು ಬೈಯಲಿಲ್ಲ. ಆದರೆ ತಾನು ಇರುವ ತನಕ ನನ್ನ ಕೈಲಿ ಒಗ್ಗರಣೆ ಹಾಕಿಸಲಿಲ್ಲ.

ಈಗಲೂ ಮಂಗಳವಾರ ಗುಡಿಸಲು ಹೋಗುತ್ತೇನೆ. ಅವತ್ತಿನಿಂದ ಒಗ್ಗರಣೆ ನಾನು ಹಾಕಿಯೇ ಇಲ್ಲ. ನಮ್ಮನೆಯವರು ಇದ್ದಾಗ ಅವರೇ ಹಾಕಿಕೊಳ್ಳುತ್ತಿದ್ದರು. ಇದೇ ಊರಿನವರಲ್ಲವೇ, ಎಲ್ಲ ಗೊತ್ತಿತ್ತು, ಒಂದು ಮಾತು ಆಡಲಿಲ್ಲ. ಈಗ ಸೊಸೆ ಹಾಕುವಾಗ ನಾನು ಎದ್ದು ಅಂಗಳಕ್ಕೆ ಹೋಗುತ್ತೇನೆ. ಅತ್ತೆಗೆ ಘಾಟು ಆಗಲ್ಲ ಅಂತ ಅವಳು ಅಂದುಕೊಂಡಿದ್ದಾಳೆ.

ನೀನೂ ನಮ್ಮ ಮನೆಗೆ ಬಂದಾಗಲೆಲ್ಲ "ಮೊಸರನ್ನ ಸಾಕು" ಅಂತೀಯ. ಸಾರಿನ ಸೌಟು ತಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತೀಯ. ಅರ್ಧ ದಿನ ಇದ್ದು ಹೊರಟುಬಿಡುತ್ತೀಯ. ನಿನಗೂ ಈ ಕೈ ಮೇಲೆ ಸಿಟ್ಟಿದೆ ಅಂತ ನನಗೆ ಗೊತ್ತು. ಯಾವತ್ತೂ ಕೇಳಲಿಲ್ಲ, ಈಗಲೂ ಕೇಳುತ್ತಿಲ್ಲ.

ಕೇಳೋದು ಇಷ್ಟೇ. ಒಬ್ಬರಿಂದ ಒಬ್ಬರಿಗೆ ಹತ್ತುತ್ತದೆ ಅಂತ ಬರೆದಿದ್ದೀಯ. ಆ ವರ್ಷ ನಮ್ಮೂರಿನಲ್ಲಿ ಬೇರೆ ಯಾರಿಗೂ ಅಮ್ಮ ಆಗಿರಲಿಲ್ಲ. ಮುತ್ತ ಊರು ದಾಟಿ ಹೋದವನಲ್ಲ. ಮತ್ತೆ ಅವನಿಗೆ ಎಲ್ಲಿಂದ ಬಂತು? ಡಾಕ್ಟರ್ ಮೇಡಂನ ಕೇಳಿ ಬರಿ.

ಸೊಣ್ಣಮ್ಮ


ಕಾಡುಗೋಡಿ
15 ಏಪ್ರಿಲ್ 2025

ಅಣ್ಣಯ್ಯ,

ತಿಂಗಳಾಯಿತು, ನಿನ್ನಿಂದ ಕಾಗದವಿಲ್ಲ. ಯುಗಾದಿಗೆ ಬರುತ್ತೀಯ ಅಂತ ನೋಡಿದೆ, ಬರಲಿಲ್ಲ. ಲಾವಣ್ಯ ನಿನ್ನ ಮಗ ಅಂಜನ್‌ಗೆ ಫೋನ್ ಮಾಡಿದ್ದಳು. "ಅಪ್ಪ ಚೆನ್ನಾಗೇ ಇದಾರೆ ಕಣೇ, ಬೆಳಗ್ಗೆಯೆಲ್ಲ ಕೂತ್ಕೊಂಡು ಏನೋ ಬರೀತಾರೆ, ಆಮೇಲೆ ಹರಿದ್ಹಾಕ್ತಾರೆ" ಅಂದನಂತೆ. ಹರಿಯುವಷ್ಟು ಸಿಟ್ಟು ಬರುವಂಥದ್ದನ್ನು ನಾನು ಏನು ಕೇಳಿದೆ ಅಂತ ಯೋಚಿಸಿದೆ. ನೀನು ಅವತ್ತು ಸುಮ್ಮನೆ ನಿಂತಿದ್ದೆ ಅಂತ ಬರೆಯಬಾರದಿತ್ತೇನೋ. ನೀನೂ ಆಗ ಹುಡುಗನೇ. ಬಿಡು, ಉತ್ತರ ಬೇಡ.

ಒಂದು ವಿಷಯ ತಿಳಿಸಬೇಕಾಗಿದೆ. ಮೇ ನಾಲ್ಕು, ಭಾನುವಾರ, ಮುತ್ತನಿಗೆ ಹಾಲುತುಪ್ಪ ಬಿಡಬೇಕು ಅಂತ ಮಾಡಿದ್ದೇನೆ. ಪೂಜಾರಿಯನ್ನು ಕೇಳಿಲ್ಲ. ಕೇಳಿದರೆ ಬೇಡ ಅನ್ನುತ್ತಾನೆ. ಏರಿ ಮೇಲೆ ಈಗ ವಾಕಿಂಗ್ ಮಾಡೋಕೆ ದಾರಿ ಮಾಡಿದ್ದಾರೆ. ಹೊಂಗೆ ಮರ ಉಳಿದಿದೆ, ಅದರ ಕೆಳಗೆ ಸಿಮೆಂಟ್ ಬೆಂಚು ಹಾಕಿದ್ದಾರೆ. ಅಪಾರ್ಟ್‌ಮೆಂಟಿನವರು ಅಲ್ಲಿ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಾರೆ. ಆ ಜಾಗ ಗೊತ್ತಿರುವವರು ಅಂತ ಈಗ ಉಳಿದಿರೋದು ನಾವಿಬ್ಬರೇ.

ಬರುವ ಮನಸ್ಸಿದ್ದರೆ ಬಾ. ಸಾರು ಬಡಿಸಲ್ಲ. ಮೊಸರನ್ನವೇ ಮಾಡಿರುತ್ತೇನೆ.

ಸೊಣ್ಣಮ್ಮ


ಜಾಲಹಳ್ಳಿ
22 ಏಪ್ರಿಲ್ 2025

ಸೊಣ್ಣಿ,

ಇದು ಆರನೆಯದೋ ಏಳನೆಯದೋ ಕಾಗದ. ಹಿಂದಿನವನ್ನೆಲ್ಲ ಹರಿದೆ. ಅಂಜನ್ ಹೇಳಿದ್ದು ನಿಜ. ಆದರೆ ಸಿಟ್ಟಿನಿಂದ ಹರಿದಿದ್ದಲ್ಲ.

ಡಾಕ್ಟರ್ ಮೇಡಂ ಅವರನ್ನು ಕೇಳುವ ಅಗತ್ಯ ಇರಲಿಲ್ಲ. ಮುತ್ತನಿಗೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನನ್ನಿಂದ ಬಂತು.

ಆ ವರ್ಷ ಮಾರ್ಚ್ ತಿಂಗಳಲ್ಲಿ ನಮ್ಮ ಅಪ್ರೆಂಟಿಸ್ ಹಾಸ್ಟೆಲಿನಲ್ಲಿ ನಾಲ್ಕು ಜನ ಹುಡುಗರಿಗೆ ದಡಾರ ಎದ್ದಿತ್ತು. ನನ್ನ ಪಕ್ಕದ ಮಂಚದ ಭರಮಪ್ಪನಿಗೂ ಆಗಿತ್ತು. ಡಾಕ್ಟರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹೇಳಿದರು. ಜ್ವರ ನೆಗಡಿ ಇದ್ದವರು ಯಾರೂ ಹಬ್ಬಕ್ಕೆ ಊರಿಗೆ ಹೋಗಕೂಡದು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಖಂಡಿತ ಹೋಗಕೂಡದು ಅಂತ. ಯುಗಾದಿಯ ಹಿಂದಿನ ದಿನ ಬೆಳಗ್ಗೆ ನನಗೆ ಮೈ ಬಿಸಿಯಾಗಿತ್ತು. ಕಣ್ಣು ಉರಿಯುತ್ತಿತ್ತು. ನಾನು ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಮುತ್ತನಿಗೆ ಒಂದು ತಗಡಿನ ಪೀಪಿ ತೆಗೆದುಕೊಂಡಿದ್ದೆ. ಅದನ್ನು ಊದಿ ತೋರಿಸು ಅಂದ, ನಾನು ಊದಿ ಅವನ ಬಾಯಿಗೆ ಕೊಟ್ಟೆ. ಎರಡು ದಿನವೂ ನನ್ನ ಎದೆ ಮೇಲೇ ಮಲಗಿದ. ಕಿವಿಯ ಹಿಂದೆ ಕೆಂಪಗಾಗಿದ್ದನ್ನು ಅವ್ವ ನೋಡಿದಳು. ಬೆವರುಗುಳ್ಳೆ ಅಂತ ಹೇಳಿ ಹೊರಟುಬಂದೆ. ಹಾಸ್ಟೆಲಿಗೆ ಬಂದ ಮೇಲೆ ಮೈತುಂಬ ಎದ್ದಿತು. ಎರಡು ವಾರ ಗಂಜಿ ಕುಡಿದು ಬಿದ್ದಿದ್ದೆ. ಬಾಯಿ ಸಪ್ಪೆಯಾಗಿದ್ದು ಅದಕ್ಕೇ.

ಆ ಭಾನುವಾರ ಮುತ್ತನನ್ನು ಕಂಡ ಕ್ಷಣವೇ ನನಗೆ ತಿಳಿಯಿತು. ತಿಳಿದೂ ನಿನ್ನನ್ನು ಸಾರು ಕೇಳಿದೆ. ಹೊಟ್ಟೆ ಹಸಿದಿತ್ತು ಸೊಣ್ಣಿ, ಹೆದರಿಕೆಯೂ ಆಗಿತ್ತು, ಎರಡೂ ಒಟ್ಟಿಗೆ. ನಾನು ತಟ್ಟೆ ಹಿಡಿದು ನಿಂತಿದ್ದೆ ಅಂತ ಬರೆದಿದ್ದೀಯ. ಅದರ ಮುಂದಿನದು ನಿನಗೆ ಗೊತ್ತಿಲ್ಲ. ಅಜ್ಜಿ ನಿನ್ನ ಜಡೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದ ಮೇಲೆ ನಾನು ಆ ಸಾರನ್ನು ಅನ್ನಕ್ಕೆ ಹಾಕಿಕೊಂಡು ನಿಂತೇ ಉಂಡೆ. ನೀನು ಅಲ್ಲಿ ಅಳುತ್ತಿದ್ದೆ. ತಟ್ಟೆ ಖಾಲಿ ಮಾಡಿದೆ.

ನಿನ್ನ ಮನೆಯ ಸಾರು ಬೇಡ ಅನ್ನುತ್ತಿದ್ದುದು ಇದಕ್ಕೆ. ನಿನ್ನ ಕೈಯ ಮೇಲೆ ಸಿಟ್ಟು ಅಂತ ನೀನು ತಿಳಿದೆ. ನಿನ್ನ ಕೈಯಿಂದ ಇನ್ನೊಮ್ಮೆ ಸಾರು ಉಣ್ಣುವ ಮುಖ ನನಗಿರಲಿಲ್ಲ.

ಯಾಕೆ ಹೇಳಲಿಲ್ಲ ಅಂತ ಕೇಳುತ್ತೀಯ. ಮೊದಲು ಕೆಲಸದಿಂದ ತೆಗೆಯುತ್ತಾರೆ ಅಂತ ಹೆದರಿಕೆ. ಆಮೇಲೆ ನಾಚಿಕೆ. ಆಮೇಲೆ ಅದೇ ಅಭ್ಯಾಸವಾಯಿತು. ಅವ್ವ ಕೊನೆಯಲ್ಲಿ ಆಸ್ಪತ್ರೆಯಲ್ಲಿದ್ದಾಗ ಮೂರು ದಿನ ಪಕ್ಕದಲ್ಲಿ ಕೂತಿದ್ದೆ. ಇವತ್ತು ಹೇಳಿಯೇ ಬಿಡಬೇಕು ಅಂತ ಬಾಯಿ ತೆರೆದೆ. "ಟೀ ಕುಡೀತೀಯೇನವ್ವ" ಅಂತ ಕೇಳಿದೆ. ಅವ್ವ ಬೇಡ ಅಂದಳು.

ಇನ್ನೂ ಒಂದು ಇದೆ. ಅಂಜನ್ ನನಗೆ ಕಿವಿಯ ಮಿಷನ್ ತಂದುಕೊಟ್ಟು ಐದು ವರ್ಷವಾಯಿತು. ಅದನ್ನು ಹಾಕಿಕೊಂಡರೆ ಚೆನ್ನಾಗಿಯೇ ಕೇಳಿಸುತ್ತದೆ. ನಾನು ಹಾಕಿಕೊಳ್ಳುವುದಿಲ್ಲ. ಊರಿಗೆ ಬಂದಾಗ ಯಾರಾದರೂ ಮುತ್ತನ ಹೆಸರೆತ್ತಿದರೆ ಕೇಳಿಸದಿರಲಿ ಅಂತ.

ನಾಲ್ಕನೇ ತಾರೀಖು ಬರಲೋ ಬೇಡವೋ ನೀನು ಹೇಳಬೇಕು. ಬೇಡ ಅಂದರೆ ಬರುವುದಿಲ್ಲ.

ಹನುಮಯ್ಯ


ಕಾಡುಗೋಡಿ
29 ಏಪ್ರಿಲ್ 2025

ಅಣ್ಣಯ್ಯ,

ನಿನ್ನ ಕಾಗದ ಶುಕ್ರವಾರ ಬಂತು. ಓದಿ ಅಕ್ಕಿ ಡಬ್ಬದಲ್ಲಿ ಇಟ್ಟೆ. ಶನಿವಾರ ತೆಗೆದು ಮತ್ತೆ ಓದಿದೆ. ಅವತ್ತು ಯಾರು ಏನು ಕೇಳಿದರೂ ನಾನು ಹೂಂ ಅಂತ ಮಾತ್ರ ಅಂದೆನಂತೆ. ಲಾವಣ್ಯ ಬಿ.ಪಿ. ನೋಡಿಸಬೇಕು ಅಂತ ಹಟ ಹಿಡಿದಳು.

ಭಾನುವಾರ ಸಿಟ್ಟು ಬಂತು. ಎಷ್ಟು ಬಂತು ಅಂದರೆ ನೀನು ಎದುರಿಗಿದ್ದಿದ್ದರೆ ಪೊರಕೆ ತೆಗೆದುಕೊಳ್ಳುತ್ತಿದ್ದೆ. ಕಾಯಿಲೆ ತಂದಿದ್ದಕ್ಕಲ್ಲ. ಹತ್ತೊಂಬತ್ತು ವರ್ಷದ ಹುಡುಗ ಹಬ್ಬಕ್ಕೆ ಮನೆಗೆ ಬರದೆ ಇನ್ನೆಲ್ಲಿಗೆ ಹೋಗುತ್ತಾನೆ. ನೀನು ಬರದಿದ್ದರೆ ಮುತ್ತ ಬಸ್ಸು ಬರುವ ದಾರಿಯಲ್ಲೇ ಕೂತಿರುತ್ತಿದ್ದ. ಆ ಪೀಪಿ ನನಗೂ ನೆನಪಿದೆ, ಅಪ್ಪ ಅದನ್ನೂ ಅವನ ಜೊತೆ ಹಾಕಿದ. ಸಾರು ಉಂಡಿದ್ದಕ್ಕೂ ಅಲ್ಲ, ಹಸಿದವನು ಉಂಡೆ. ಅವ್ವ ಇದನ್ನು ತಿಳಿಯದೆ ಹೋದಳಲ್ಲ, ಅದಕ್ಕೆ. ನನ್ನ ಕೈ ನೋಡಿದಾಗಲೆಲ್ಲ ಅವ್ವ ಮುಖ ಆ ಕಡೆ ತಿರುಗಿಸುತ್ತಿದ್ದಳು. ನೀನು ಒಂದೇ ಒಂದು ಮಾತು ಹೇಳಿದ್ದರೆ ಅವಳು ತಿರುಗುತ್ತಿದ್ದಳು. ಅದೊಂದನ್ನು ನಾನು ಕ್ಷಮಿಸಲಾರೆ. ಕ್ಷಮಿಸಿದೆ ಅಂತ ಬರೆದರೆ ಸುಳ್ಳಾಗುತ್ತದೆ. ನಾನು ಹದಿಮೂರನೇ ವಯಸ್ಸಿನಲ್ಲಿ ನಿನಗೋಸ್ಕರ ಒಂದು ಸುಳ್ಳು ಹೇಳಿದ್ದೇನೆ, ಸಾಕು.

ಇವತ್ತು ಮಂಗಳವಾರ. ಗುಡಿಗೆ ಹೋಗಬಾರದು ಅಂದುಕೊಂಡೆ, ಕಾಲು ಕೇಳಲಿಲ್ಲ. ಗುಡಿಸಿದೆ, ನೀರು ಹಾಕಿದೆ. ತಪ್ಪಾಯಿತು ಅಂತ ಹೇಳಲಿಲ್ಲ. ಮಾರಮ್ಮನನ್ನು ಒಂದು ಸಲ ನೋಡಿ, ಪೊರಕೆ ಮೂಲೆಗಿಟ್ಟು ಬಂದೆ.

ಮನೆಗೆ ಬಂದವಳು ಒಗೆಯುವ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಜೋರಾಗಿ, ಸಾವಿನ ಮನೆಯಲ್ಲಿ ಅಳುವ ಹಾಗೆ. ಅವತ್ತು ಅಳೋಕೆ ಬಿಟ್ಟಿರಲಿಲ್ಲವಲ್ಲ. ಮಹಾನಂದಾ ಓಡಿ ಬಂದಳು.

"ಯಾಕ್ರಿ ಆಯಿ, ಏನಾತು?" ಅಂದಳು.

"ನನ್ ತಮ್ಮ ತೀರ್ಕೊಂಡ ಕಣವ್ವ" ಅಂದೆ.

"ಅಯ್ಯ ಶಿವನ, ಯಾವಾಗ್ರಿ?"

ಯಾವಾಗ ಅಂತ ಹೇಳಿದೆ. ಅವಳು ನಗಲಿಲ್ಲ ಅಣ್ಣಯ್ಯ. ಕೈಲಿದ್ದ ಬಕೆಟ್ ಕೆಳಗಿಟ್ಟು ಪಕ್ಕದಲ್ಲಿ ಕೂತಳು. ಅವನ ಹೆಸರು ಕೇಳಿದಳು. ಆಮೇಲೆ ಅವಳೂ ಅತ್ತಳು. ಶಿವಗಂಗಾ ನಮ್ಮಿಬ್ಬರನ್ನೂ ನೋಡಿಕೊಂಡು ಬಾಳೆಹಣ್ಣು ತಿನ್ನುತ್ತಾ ನಿಂತಿತ್ತು.

ಈಗ ಕೇಳಿದ್ದಕ್ಕೆ ಉತ್ತರ. ಭಾನುವಾರ ಬಾ. ಈ ಕಾಗದ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ, ತಲುಪಲಿಲ್ಲ ಅನ್ನಬೇಡ. ಅಂಜನ್ ಕಾರು ಬೇಡ, ಒಬ್ಬನೇ ಬಾ. ಜಾಲಹಳ್ಳಿಯಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಾಯಿಸು, ಅಲ್ಲಿಂದ ಕೊನೇ ಸ್ಟಾಪಿನಲ್ಲಿ ಇಳಿ. ಸ್ಟೇಷನ್ನಿಗೆ ನಾನು ಬರಲ್ಲ, ಮಂಡಿ ನೋವು. ಹತ್ತು ಗಂಟೆಗೆ ಹೊಂಗೆ ಮರದ ಹತ್ತಿರ ಇರುತ್ತೇನೆ. ಹಾಲು ನಾನು ತರುತ್ತೇನೆ, ತುಪ್ಪ ನೀನು ತಾ. ಬೆಂಚಿನ ಮೇಲೆ ಯಾರಾದರೂ ಕೂತಿದ್ದರೆ ಸ್ವಲ್ಪ ಏಳಿ ಸಾರ್ ಅಂತ ಕೇಳೋಣ.

ಆಮೇಲೆ ಮನೆಗೆ ಹೋಗಿ ಊಟ. ಮೊಸರನ್ನ ಮಾಡಲ್ಲ. ಬೇಳೆ ಬೇಯಿಸಿ, ಹುಳಿ ಖಾರ ಹಾಕಿ ಸಾರು ಕುದಿಸಿ ಇಟ್ಟಿರುತ್ತೇನೆ. ಸೊಸೆಗೆ, ಲಾವಣ್ಯಗೆ, ಮಹಾನಂದಾಗೆ ಎಲ್ಲರಿಗೂ ಅಡುಗೆಮನೆಗೆ ಬಂದು ಕೂರಲು ಹೇಳಿದ್ದೇನೆ. ಯಾಕೆ ಅಂತ ಅವರಿಗೆ ನೀನೇ ಹೇಳಬೇಕು. ಹೇಳಿ ಮುಗಿಸಿದ ಮೇಲೆ ಎಣ್ಣೆ ಕಾಯಿಸಿ ಒಗ್ಗರಣೆ ನೀನು ಹಾಕು. ಈ ಸಲ ನಾನು ಅಂಗಳಕ್ಕೆ ಹೋಗಲ್ಲ, ಒಲೆ ಪಕ್ಕದಲ್ಲೇ ಕೂತಿರುತ್ತೇನೆ. ಮೊದಲ ಸೌಟು ನನಗೆ ಬಡಿಸಬೇಕು.

ಕಿವಿಗೆ ಮಿಷನ್ ಹಾಕಿಕೊಂಡು ಬಾ. ಸಾಸಿವೆ ಸಿಡಿಯೋದು ನಿನಗೆ ಕೇಳಿಸಬೇಕು.

ಸೊಣ್ಣಿ